ನಲವತ್ತೊಂದನೇ ಹಾಳೆ

ಒಂದು ಬೆಡ್‌ಶೀಟು ಮಡಿಸೋದಕ್ಕೆ ಇಬ್ಬರು ಬೇಕು. ಆಚೆ ತುದಿ ಒಬ್ಬರು, ಈಚೆ ತುದಿ ಒಬ್ಬರು. ಜಾಡಿಸಬೇಕು, ಎಳೆಯಬೇಕು, ಅರ್ಧಕ್ಕೆ ಮಡಿಸಿ ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಆ ಕೂಡಿಸುವ ಗಳಿಗೆಯಲ್ಲಿ ಮಾತ್ರ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುತ್ತಿತ್ತು. ಮಿಕ್ಕ ಹೊತ್ತೆಲ್ಲ ಮೆಷಿನ್ನುಗಳದ್ದೇ ಗಲಾಟೆ.

ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆದು ಇಸ್ತ್ರಿ ಮಾಡಿ ಕಳಿಸುವ ದೊಡ್ಡ ಲಾಂಡ್ರಿ ಅದು. ಎಂಬತ್ತು ಜನ ಕೆಲಸಕ್ಕಿದ್ದರು, ಮುಕ್ಕಾಲು ಪಾಲು ಹೆಂಗಸರು. ಅವರಲ್ಲಿ ಒಬ್ಬಳ ಟೋಕನ್ ನಂಬರು ನಲವತ್ತೊಂದು. ಮಾತು ಕಡಿಮೆ ಅಂತ ಎಲ್ಲರೂ ಅವಳನ್ನು ಮೌನಗೌರಿ ಎನ್ನುತ್ತಿದ್ದರು.

ಅವಳ ಜೋಡಿ ದೊಡ್ಡಕ್ಕ, ಅಲ್ಲಿ ಎಲ್ಲರಿಗಿಂತ ಹಳಬಳು. ಒಂದು ಸೋಮವಾರ ದೊಡ್ಡಕ್ಕನ ಮಣಿಕಟ್ಟು ಉಳುಕಿತು. ಸೂಪರ್‌ವೈಸರ್ ಅವಳನ್ನು ದಿಂಬಿನ ಕವರು ಎಣಿಸಲು ಕೂರಿಸಿ, ಟ್ರಾಲಿ ತಳ್ಳುವವನನ್ನು ಕರೆತಂದು ಮೌನಗೌರಿಯ ಎದುರು ನಿಲ್ಲಿಸಿದ.

“ನಿಮ್ಮದು ನೆಟ್ಟಗಿದೆ, ನನ್ನದೇ ಸೊಟ್ಟ,” ಎಂದ ಅವನು, ಮೊದಲ ಸಲ ಹತ್ತಿರ ಬಂದಾಗ.

ಅವಳು ಮೂಲೆ ನೋಡಿದಳು. ಸರಿಯಾಗಿಯೇ ಇತ್ತು. ಹಿಂದೆ ಸರಿದರು, ಜಾಡಿಸಿದರು, ಮತ್ತೆ ಬಂದರು.

“ಬೆಡ್‌ಶೀಟಲ್ಲ ರೀ. ಮೂಗು.”

ನಗು ತಡೆಯಲಾಗದೆ ಅವಳು ಬಟ್ಟೆಯನ್ನು ಮುಖದವರೆಗೂ ಎತ್ತಿದಳು. ಬಿಸಿಬಿಸಿ ಬೆಡ್‌ಶೀಟು, ಅದರ ಮೇಲಿಂದ ಬರೀ ಎರಡು ಕಣ್ಣು. ಆ ಕಣ್ಣನ್ನು ಅವನು ನೋಡಿದ. ನೋಡಿದ್ದನ್ನು ಅವಳೂ ನೋಡಿದಳು.

ಅಲ್ಲಿಂದ ಶುರು. ಅವನು ಒಂದು ಮಾತು ಕೇಳಿ ಹಿಂದೆ ಹೋಗುವನು. ಅವಳು ಅಷ್ಟು ದೂರ ನಡೆದು ಬರುವಷ್ಟರಲ್ಲಿ ಉತ್ತರವನ್ನೂ ಅಚ್ಚುಕಟ್ಟಾಗಿ ಮಡಿಸಿಕೊಂಡು ಬರುವಳು. ದಿನಕ್ಕೆ ಮುನ್ನೂರು ಬೆಡ್‌ಶೀಟು, ಮುನ್ನೂರು ಮಾತು. ಮನೆಯಲ್ಲಿ ಹಾಸಿಗೆ ಹಿಡಿದ ಅಪ್ಪನೊಡನೆ ಬಿಟ್ಟರೆ ಅವಳು ಯಾರ ಜೊತೆಗೂ ಅಷ್ಟು ಮಾತಾಡಿದವಳಲ್ಲ.

“ಸಂಘ ಕಟ್ಟುತ್ತಾ ಇದ್ದೀವಿ,” ಎಂದ ಒಮ್ಮೆ.

“ಗೊತ್ತು,” ಎಂದಳು ಮುಂದಿನ ಮಡಿಕೆಗೆ. “ಯಾರ ಜೋಡಿ ರಜೆ ಹಾಕಿದರೂ ನೀವೇ ಮಡಿಸೋಕೆ ಓಡ್ತೀರಲ್ಲ.”

ಅವನು ಕಿವಿಯವರೆಗೂ ಕೆಂಪಾದ.

ಸಂಘ ಬೇಕೇ ಬೇಕಿತ್ತು. ಬಿಸಿಗೆ ತಲೆ ತಿರುಗಿ ಬಿದ್ದವರನ್ನು ನೀರು ಚಿಮುಕಿಸಿ ಎಬ್ಬಿಸಿ, ಮತ್ತೆ ಮೆಷಿನ್ನಿನ ಮುಂದೆ ನಿಲ್ಲಿಸುತ್ತಿದ್ದ ಕಾಲ. ಅರ್ಧಕ್ಕಿಂತ ಹೆಚ್ಚು ಜನ ಸಹಿ ಹಾಕಿದರೆ ಮಾಲೀಕರು ಕೂತು ಮಾತಾಡಲೇಬೇಕು. ಹೊರಗಿನಿಂದ ಬರುತ್ತಿದ್ದ ಸಂಘದ ಮುಂದಾಳು ಕನ್ನಡಕದಣ್ಣ ಗುಟ್ಟಾಗಿ ಎಲ್ಲ ನಡೆಸುತ್ತಿದ್ದ.

ಪ್ರತಿ ಗುರುವಾರ ಕೆಲಸಗಾರರ ನಿಲುವಂಗಿಗಳೇ ಒಗೆಯಲು ಬೀಳುತ್ತಿದ್ದವು. ಮೊದಲು ಜೇಬು ತಡಕಬೇಕು, ಸಿಕ್ಕಿದ್ದನ್ನು ನಂಬರಿನ ಚೀಟಿ ಕಟ್ಟಿ ಡಬ್ಬಿಗೆ ಹಾಕಬೇಕು. “ಜೇಬಿಗೆ ಕೈ ಹಾಕೋದು ನಮ್ಮ ಕೆಲಸ, ಕಣ್ಣು ಹಾಕೋದಲ್ಲ” ಎಂದು ದೊಡ್ಡಕ್ಕ ಮೊದಲ ದಿನವೇ ಹೇಳಿಕೊಟ್ಟಿದ್ದಳು.

ಆ ಗುರುವಾರ ಅವನ ನಿಲುವಂಗಿಯಲ್ಲಿ ಅಂಗೈಯಗಲದ ನೋಟ್‌ಬುಕ್ಕು ಸಿಕ್ಕಿತು. ಅವಳು ಹಾಗೇ ಡಬ್ಬಿಗೆ ಹಾಕಬೇಕಿತ್ತು. ಹಾಕಲಿಲ್ಲ. ಅವನ ಅಕ್ಷರ ಹೇಗಿರುತ್ತದೋ ನೋಡುವ ಆಸೆ, ಅಷ್ಟೇ.

ಒಂದೊಂದು ಹಾಳೆಗೆ ಒಂದೊಂದು ಟೋಕನ್ ನಂಬರು. ಹದಿನೇಳು, ಅಂದರೆ ದೊಡ್ಡಕ್ಕ: ‘ಮಗ ಜೈಲಿನಲ್ಲಿ. ಬೇರೆ ಊರಲ್ಲಿ ಕೆಲಸ ಎಂದು ಹೇಳಿಕೊಳ್ಳುತ್ತಾಳೆ.’ ಇಪ್ಪತ್ತೆರಡು: ‘ಗಂಡ ಹೊಡೆಯುತ್ತಾನೆ. ಸಹಿಗೆ ಅವನಿಲ್ಲದಾಗ ಮನೆಗೆ ಹೋಗುವುದು.’

ನಲವತ್ತೊಂದು: ‘ಮದುವೆಯಾಗಿಲ್ಲ. ತಂದೆ ಹಾಸಿಗೆ ಹಿಡಿದಿದ್ದಾರೆ. ಜೋರು ಮಾಡಿದರೆ ಮುದುಡುತ್ತಾಳೆ. ನಗಿಸಿದರೆ ಒಲಿಯುತ್ತಾಳೆ.’

ಕೊನೆಯ ಸಾಲನ್ನು ಅವಳು ಎಷ್ಟು ಸಲ ಓದಿದಳೋ. ಇಷ್ಟು ದಿನ ಎದೆಯಲ್ಲಿಟ್ಟುಕೊಂಡಿದ್ದ ಒಂದೊಂದು ನಗುವೂ ಇಸ್ತ್ರಿಗೆ ಸುಟ್ಟ ಬಟ್ಟೆಯ ಹಾಗೆ ಕಮರು ವಾಸನೆ ಹೊಡೆಯಿತು. ನೋಟ್‌ಬುಕ್ಕನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮರುದಿನ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

“ಏನೋ ಕಳೆದ ಹಾಗಿದೆ,” ಎಂದಳು ಮೂಲೆ ಕೂಡಿಸುತ್ತಾ.

ಬೆಡ್‌ಶೀಟು ಅವನ ಕೈಯಿಂದ ಜಾರಿತು. “ನಿಮ್ಮ ಹತ್ತಿರ ಇದೆಯಾ?”

ಹಿಂದೆ ಸರಿದರು. ಜಾಡಿಸಿದರು.

“ದೊಡ್ಡಕ್ಕನ ಮಗನ ವಿಷಯ ಯಾರು ಹೇಳಿದ್ದು?”

“ಪಕ್ಕದ ಮನೆಯವರು. ನೋಡಿ, ಎಲ್ಲರ ಒಳ್ಳೇದಕ್ಕೇ...”

“ಸೂಪರ್‌ವೈಸರ್ ಕೈಗೆ ಸಿಕ್ಕಿದ್ದರೆ?”

ಅವನು ಹಿಂದೆ ಸರಿದ. ಮುಂದಿನ ಸಲ ಬಂದಾಗ ಅವಳು, “ನಗಿಸಿದರೆ ಒಲಿಯುತ್ತಾಳೆ,” ಎಂದಷ್ಟೇ ಹೇಳಿ, ನಾಲ್ಕೂ ಮೂಲೆ ಅವನ ಕೈಗಿಟ್ಟು ಬೇರೆ ಸಾಲಿಗೆ ಹೋಗಿ ನಿಂತಳು.

ಊಟದ ಹೊತ್ತಿಗೆ ಬಾಯ್ಲರ್ ಗೋಡೆಯ ಹಿಂದೆ ನೋಟ್‌ಬುಕ್ಕು ಕೊಟ್ಟಳು.

“ಸುಟ್ಟುಬಿಡ್ತೀನಿ,” ಎಂದ.

“ಬೇಡ. ಸುಟ್ಟರೆ ನಿಮಗೆ ಹಗುರ, ಅವರಿಗೇನು? ಅವರವರ ಹಾಳೆ ಅವರವರಿಗೆ ಕೊಡಿ. ಓದಕ್ಕೆ ಬಾರದವರಿಗೆ ನೀವೇ ಓದಿ ಹೇಳಿ.”

“ಮೂರು ತಿಂಗಳ ಕೆಲಸ ಹಾಳಾಗುತ್ತೆ. ಕನ್ನಡಕದಣ್ಣ ನನ್ನನ್ನ ಜೀವಂತ ಬಿಡಲ್ಲ.”

“ಅದು ನಿಮಗೂ ಕನ್ನಡಕದಣ್ಣಂಗೂ ಬಿಟ್ಟದ್ದು.”

ಕೊಡುತ್ತಾನೆ ಎಂದು ಅವಳು ಅಂದುಕೊಂಡಿರಲಿಲ್ಲ. ಕೊಟ್ಟ. ಆರು ದಿನ ಊಟ ಬಿಟ್ಟು, ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ತಲೆ ತಗ್ಗಿಸಿ ನಿಂತು ಕೊಟ್ಟ. ಇಪ್ಪತ್ತೆರಡನೇ ನಂಬರಿನವಳು ಅವನ ಮುಖಕ್ಕೇ ಹರಿದೆಸೆದಳು. ದೊಡ್ಡಕ್ಕನಿಗೆ ಓದು ಬಾರದು. ಅವಳ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಓದಿದ.

ದೊಡ್ಡಕ್ಕ ಬಹಳ ಹೊತ್ತು ಕವರು ಎಣಿಸುತ್ತಲೇ ಇದ್ದಳು. ಆಮೇಲೆ, “ಮುಠ್ಠಾಳ, ನನ್ನನ್ನೇ ಕೇಳಿದ್ದರೆ ಹೇಳ್ತಿರಲಿಲ್ವೇನೋ? ಯಾರಾದರೂ ಕೇಳಲಿ ಅಂತಲೇ ಎರಡು ವರ್ಷದಿಂದ ಕಾಯ್ತಿದ್ದೀನಿ,” ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಸಹಿಯ ಬದಲು ಹೆಬ್ಬೆಟ್ಟು ಒತ್ತಿದಳು.

ಎಲ್ಲರೂ ದೊಡ್ಡಕ್ಕ ಆಗಲಿಲ್ಲ. ಹಾಕಿದ ಸಹಿಯನ್ನು ವಾಪಸು ತೆಗೆದುಕೊಂಡವರೂ ಇದ್ದರು. ಮೌನಗೌರಿ ಮಾತ್ರ ತಾನಾಗಿ ಹೋಗಿ ಸಹಿ ಹಾಕಿದಳು, ಅವನ ಮುಖ ನೋಡದೆ. ಕೊನೆಗೆ ಆರು ಸಹಿ ಕಡಿಮೆ ಬಿತ್ತು. ಕನ್ನಡಕದಣ್ಣ ಬೈದ ಬೈಗುಳ ಗೇಟಿನವರೆಗೂ ಕೇಳಿಸಿತು. ಸಂಘ ಆಯಿತು, ಇಲ್ಲವೆಂದಲ್ಲ. ಎರಡು ವರ್ಷ ತಡವಾಗಿ.

ಸೋತ ದಿನ ಸಂಜೆ ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಅವಳು ಕೂತಿದ್ದಳು. ಬಿಸಿಲು ಇನ್ನೂ ಇತ್ತು. ಅವನು ಬಂದು ದೂರದಲ್ಲೇ ನಿಂತು ಕೈ ಚಾಚಿದ.

“ನಿಮ್ಮ ಹಾಳೆ.”

“ಓದಿಬಿಟ್ಟಿದ್ದೀನಲ್ಲ. ನಂದೂ ತಪ್ಪೇ. ಜೇಬಿನದು ಓದಬಾರದಿತ್ತು.”

“ಅದು ಮೊದಲ ವಾರ ಬರೆದದ್ದು.”

“ಆಮೇಲೆ ನಗಿಸಿದ್ದು?”

ಅವನು ಚಪ್ಪಲಿಯ ತುದಿ ನೋಡುತ್ತಾ ನಿಂತ. “ಆಮೇಲೆ ನೀವು ನಕ್ಕರೆ ನನಗೆ ಕೇಳಬೇಕಾದ್ದೇ ಮರೆತುಹೋಗೋದು. ಇಡೀ ಲಾಂಡ್ರಿಯಲ್ಲಿ ನಾನು ಸಹಿ ಕೇಳದೆ ಬಿಟ್ಟಿದ್ದು ನಿಮ್ಮೊಬ್ಬರನ್ನೇ. ಅದಕ್ಕೂ ಬೈಸಿಕೊಂಡಿದ್ದೀನಿ.”

ಅವಳು ನೆನಪು ಮಾಡಿಕೊಂಡಳು. ಮೂಗಿನ ಮಾತು ಆಡಿದ್ದ, ಅಪ್ಪನ ಆರೋಗ್ಯ ಕೇಳಿದ್ದ, ಯಾವ ಬಣ್ಣ ಇಷ್ಟ ಎಂದು ಕೇಳಿದ್ದ. ಸಹಿ ಮಾತ್ರ ಕೇಳಿರಲಿಲ್ಲ. ಹೌದು.

ಬೆಂಚಿನ ಮೇಲೆ ಸ್ವಲ್ಪ ಸರಿದಳು. ಅವನು ಕೂತ.

“ನನ್ನ ವಿಷಯ ನಿಮಗೆ ಒಂದು ಹಾಳೆ ಗೊತ್ತು,” ಎಂದಳು. “ನಿಮ್ಮದು ನನಗೆ ಮೂಗು ಬಿಟ್ಟರೆ ಏನೂ ಗೊತ್ತಿಲ್ಲ.”

“ಕೇಳಿ.”

“ಊಹೂಂ, ನಾನು ಕೇಳಲ್ಲ. ಹೇಳಬೇಕು ಅನ್ನಿಸಿದರೆ ಹೇಳಿ.”

ಒಂದು ಬಸ್ಸು ಬಂತು, ಹೋಯಿತು. ಇನ್ನೊಂದೂ ಹೋಯಿತು. ಆಮೇಲೆ ಅವನು ಹೇಳತೊಡಗಿದ. ಅವಳು ಹೂಂ ಎಂದಳೇ ಹೊರತು ತಿರುಗಿ ನೋಡಲಿಲ್ಲ, ನೋಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾನೋ ಎಂದು. ಮುಗಿದ ಮೇಲೆ ಅವನ ಕೈ ಮೇಲೆ ಕೈ ಇಟ್ಟಳು. “ನಾಳೆ ಮನೆಗೆ ಬನ್ನಿ. ಅಪ್ಪನಿಗೆ ಮಾತಾಡೋಕೆ ಜನ ಬೇಕು,” ಎಂದಳು.

ಅವನು ತೀರಿಹೋಗಿ ಈಗ ಆರು ವರ್ಷ. ಮಗಳು ಬಂದಾಗೆಲ್ಲ ಈ ಕಥೆ ಹೇಳಿಸಿಕೊಂಡು, ಕೊನೆಗೆ ಅದೇ ಪ್ರಶ್ನೆ ಕೆದಕುತ್ತಾಳೆ. ಮೊನ್ನೆಯೂ ಕೆದಕಿದಳು.

“ಅಮ್ಮಾ, ಅವತ್ತು ಬೆಂಚಿನ ಮೇಲೆ ಅಪ್ಪ ಏನು ಹೇಳಿದ್ರು? ಈಗಲಾದರೂ ಹೇಳೇ.”

“ಅದನ್ನ ನಿಮ್ಮಪ್ಪನ್ನ ಕೇಳಬೇಕಿತ್ತು ಕಣೆ,” ಎಂದಳು ಅವಳು, ಬಟಾಣಿ ಸುಲಿಯುತ್ತಾ.

“ಕೇಳಿದ್ದೆ. ಕೊನೇ ಸಲ ಆಸ್ಪತ್ರೆಗೆ ಸೇರಿಸಿದ್ವಲ್ಲ, ಆಗ. ‘ನಿಮ್ಮಮ್ಮನ ಹತ್ತಿರ ಇದೆ, ಇನ್ನು ಯಾರಿಗೂ ಬೇಡ’ ಅಂದ್ರು.”

ಅವಳ ಬೆರಳು ಬಟಾಣಿ ಸಿಪ್ಪೆಯ ಮೇಲೆ ಹಾಗೇ ನಿಂತಿತು. ಇದು ಅವಳಿಗೆ ಗೊತ್ತಿರಲಿಲ್ಲ.

“ಇನ್ನೊಂದು ಸಲ ಹೇಳು,” ಎಂದಳು. “ಅಂದದ್ದು ಹೇಗೆ? ನಗ್ತಾ ಅಂದ್ರಾ?”