ಹಲಸಿನ ಮರದ ಪೆಡಲು

ಕಡಬ ತಾಲೂಕಿನ ಚರಿತ್ರೆಯಲ್ಲಿ ದಾಖಲಾಗಲೇಬೇಕಾದ ಘಟನೆಯೊಂದು ಆಲಂಕಾರಿನ ಮದುವೆ ಹಾಲ್‌ನಲ್ಲಿ, ಊಟಕ್ಕೆ ಎಲೆ ಹಾಕುವ ಹೊತ್ತಿಗೆ ನಡೆಯಿತು: ಆರ್ಕೆಸ್ಟ್ರಾದ ಕೀಬೋರ್ಡ್ ಹುಡುಗಿ ಅನಘಾ ವೇದಿಕೆಯ ಮೇಲೆ ಚಪ್ಪಲಿ ಬಿಚ್ಚಿದಳು.

ಅವಳ ಕಾಲ ಬುಡದಲ್ಲಿದ್ದ ಮರದ ಹಲಗೆಗೆ ಎಡವಿದವನು ಬೇಸ್ ಗಿಟಾರಿನ ಸುದರ್ಶನ.

"ಎಂತ ಇದು ನೆಲದಲ್ಲಿ, ಮಣೆಯಾ?"

"ಪೆಡಲು. ಹಾರ್ಮೋನಿಯಂ ರಿಪೇರಿಯ ಹಕೀಮಾಕ ಹಲಸಿನ ಮರದಲ್ಲಿ ಮಾಡಿಕೊಟ್ಟದ್ದು. ಇವತ್ತಿಂದ ಬೇಸ್ ನನ್ನ ಕಾಲು ನುಡಿಸ್ತದೆ."

ಸುದರ್ಶನನ ಮುಖ ಇಳಿಯಿತು. ಹಕೀಮಾಕನ ಪುತ್ತೂರಿನ ಅಂಗಡಿಯಲ್ಲಿ ಒಂದು ಹಳೆಯ ಜಾಝ್ ಆರ್ಗನ್ ರೆಕಾರ್ಡನ್ನು ಇಬ್ಬರೂ ಎಷ್ಟು ಶನಿವಾರ ಕೇಳಿದ್ದರು... ಒಂದೇ ಬೆಂಚಿನಲ್ಲಿ, ಒಂದೇ ಮಾತನ್ನು ಇಬ್ಬರೂ ನುಂಗಿಕೊಂಡು! ಆ ರೆಕಾರ್ಡಿನಲ್ಲಿ ಬೇಸಿನ ತಗ್ಗು ಸ್ವರಗಳನ್ನೆಲ್ಲ ಆರ್ಗನ್‌ನವನ ಕಾಲೇ ನುಡಿಸುತ್ತದೆ. ಬೇಸ್ ಗಿಟಾರಿನವನೇ ಇಲ್ಲ.

"ನೇರ ಹೇಳಬಹುದಿತ್ತು, ನಾನು ಬೇಡ ಅಂತ," ಎಂದು ಅವನು ಗಿಟಾರಿನ ಚೀಲ ಎಳೆದುಕೊಂಡ.

'ಅಯ್ಯೋ ಪೆದ್ದ...' ಎಂದುಕೊಂಡಳು. ಬಾಯಿ ತೆರೆಯುವಷ್ಟರಲ್ಲಿ ತಂಡದ ಯಜಮಾನ ಚೆನ್ನಕೇಶವ ಬಂದ.

"ವಾದ್ಯ ಅಂದ್ರೆ ಸರಸ್ವತಿ! ಕಾಲಲ್ಲಿ ಮೆಟ್ಟುದಾ? ತೆಗಿ. ಇಲ್ಲದಿದ್ರೆ ನಾಳೆಯಿಂದ ಬರ್ಬೇಡ."

"ಡ್ರಮ್ಮಿನ ಶ್ರೀಶಣ್ಣ ಹತ್ತು ವರ್ಷದಿಂದ ಒದೀತಾ ಇದ್ದಾರೆ. ಸರಸ್ವತಿ ಅವರಿಗೆ ಎಂತದೂ ಹೇಳ್ಲಿಲ್ವಾ?"

ಶ್ರೀಶ ಮೆಲ್ಲನೆ ಕಾಲನ್ನು ಹಿಂದಕ್ಕೆಳೆದುಕೊಂಡ.

"ನಾನು ಚಪ್ಪಲಿಯಾದ್ರೂ ಬಿಚ್ಚಿದ್ದೇನೆ," ಎನ್ನುತ್ತಾ ಅನಘಾ ಪೆಡಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ತೆಗಿಯುದಿಲ್ಲ."

ಮತ್ತೆ ಸುದರ್ಶನನ ಕಡೆ ತಿರುಗಿದಳು.

"ಆ ರೆಕಾರ್ಡಿನ ಕವರಿನಲ್ಲಿ ಎಷ್ಟು ಜನ ಉಂಟು?"

"ಮೂರು. ಆರ್ಗನ್, ಡ್ರಮ್... ಗಿಟಾರ್."

"ನಿನ್ನ ಲೀಡ್ ಗಿಟಾರ್ ಎಲ್ಲಿ?"

"ಹಕೀಮಾಕನ ಅಟ್ಟದಲ್ಲಿ." ಯಜಮಾನರ ಅಳಿಯನಿಗೆ ಲೀಡ್ ಕೊಟ್ಟು ಇವನನ್ನು ಬೇಸಿಗೆ ತಳ್ಳಿದ ದಿನವೇ ಅದು ಅಟ್ಟ ಸೇರಿತ್ತು.

"ಸ್ಪೀಕರಿನ ಹಿಂದೆ ನೋಡು."

ಅಲ್ಲಿತ್ತು. ಆರೂ ತಂತಿ ಹೊಸತು!

"ನಿನ್ನನ್ನು ಓಡಿಸ್ಲಿಕ್ಕಲ್ಲ ಮಾರಾಯ, ಬೇಸಿಂದ ಬಿಡಿಸ್ಲಿಕ್ಕೆ ಮೂರು ತಿಂಗಳು ಹಿಮ್ಮಡಿ ಸವೆಸಿದ್ದು!"

ಅವನು ಗಿಟಾರನ್ನು ಎತ್ತಿಕೊಂಡ. "ಇಷ್ಟೆಲ್ಲ... ನನಗೋಸ್ಕರವಾ?"

"ಅರ್ಧ ನನಗೋಸ್ಕರ."

"ಉಳಿದರ್ಧ?"

"ಪ್ರೀತಿಗೆ. ಸಾಕಾ? ಪ್ಲಗ್ ಹಾಕು, ಜನ ನೋಡ್ತಾ ಇದ್ದಾರೆ."

"ನೋಡ್ಲಿ. ನಂಗೂ ಅದೇ... ಒಂದು ವರ್ಷದಿಂದ."

"ಗೊತ್ತುಂಟು. ಶ್ರುತಿ ಸರಿ ಮಾಡು."

ಪಾಯಸ ಬರುವವರೆಗೆ ಡ್ರಮ್ಮಿನ ಶ್ರೀಶನೂ ಸೇರಿ ಮೂವರೂ ನುಡಿಸಿದರು. ಕೈ ತೊಳೆದ ಮೇಲೆ ಚೆನ್ನಕೇಶವ ಮೂವರನ್ನೂ ತಂಡದಿಂದ ತೆಗೆದ. ಅನಘಾ ಮತ್ತು ಸುದರ್ಶನ ಮೇ ತಿಂಗಳಲ್ಲಿ ಮದುವೆಯಾದರು.