ಹದಿನೇಳನೇ ಪುಟದ ಲೇಖಕರು

ಬೇಸಿಗೆ ಶುರುವಾಗಿ ಹತ್ತು ದಿನ. ಶುಕ್ರವಾರ. ಮಧ್ಯಾಹ್ನ ಎರಡೂ ಮುಕ್ಕಾಲು.

ಹೊರಗಿನಿಂದ ಚಿಲಕ ಬಿತ್ತು.

"ಯಜಮಾನ್ರೇ, ವಯಸ್ಸಾಯ್ತು ನಿಮಗೆ," ಅಂದರು ಬಾಗಿಲಾಚೆಯಿಂದ ಪ್ರೊಫೆಸರ್. "ಒಳಗೆ ತಂಪಾಗಿದೆ. ಐದು ಗಂಟೆವರೆಗೆ ಆರಾಮಾಗಿ ಕೂತಿರಿ."

"ಸಾರ್, ಬಾಗಿಲು..."

"ಬಾಗಿಲಿಗೇನಾಗಿದೆ? ಗಟ್ಟಿಯಾಗೇ ಇದೆ."

ಬೂಟಿನ ಸದ್ದು ದೂರ ಹೋಯಿತು.

ನನ್ನ ಬನಿಯನ್ನಿಗೂ ಹೊಟ್ಟೆಗೂ ನಡುವೆ ಮೂವತ್ತೊಂದು ಹಾಳೆ. ಅರ್ಧ ಗಂಟೆ ಅವರು ಆ ರೆಕಾರ್ಡ್ ರೂಮಿನಲ್ಲಿ ಜಾಲಾಡಿದ್ದು ಅದಕ್ಕೇ. ನಾಲ್ಕು ಸಾವಿರ ಕಟ್ಟು ಇವೆ ಅಲ್ಲಿ. ಯಾವುದು ಎಲ್ಲಿದೆ ಅನ್ನೋದು ನನ್ನ ತಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

"ಸಿಗಲಿಲ್ಲ ಸಾರ್," ಅಂದಿದ್ದೆ.

ನಂಬಲಿಲ್ಲ. ಆದರೆ ಮುದುಕನ ಅಂಗಿ ಬಿಚ್ಚಿಸೋ ಮಟ್ಟಕ್ಕೂ ಇಳಿಯಲಿಲ್ಲ. ಓದಿದವರು ನೋಡಪ್ಪ... ಚಿಲಕ ಹಾಕಿದರು, ಅಷ್ಟೇ.

ನಾನು ಯಾರು ಅಂತ ಹೇಳಿಬಿಡ್ತೀನಿ. ಮೂರು ತಿಂಗಳಿಗೊಮ್ಮೆ ಬರುವ ರಾಜ್ಯಶಾಸ್ತ್ರದ ಪತ್ರಿಕೆಯೊಂದರ ಆಫೀಸಿನಲ್ಲಿ ಮೂವತ್ತನಾಲ್ಕು ವರ್ಷ ಅಟೆಂಡರ್. ಓದಿದ್ದು ನಾಲ್ಕನೇ ಕ್ಲಾಸು. ಮಾಡಿದ್ದು ಒಂದೇ ಕೆಲಸ. ಹೆಸರು ತೆಗೆಯೋದು.

ಆ ಲೋಕದಲ್ಲಿ ಒಂದು ಪದ್ಧತಿ ಇದೆ. ಲೇಖನ ಬಂದರೆ, ಯಾರು ಬರೆದದ್ದು ಅಂತ ಓದಿ ತೀರ್ಪು ಕೊಡೋರಿಗೆ ಗೊತ್ತಾಗಬಾರದು. ಯಾರು ತೀರ್ಪು ಕೊಟ್ಟರು ಅಂತ ಬರೆದವರಿಗೂ ಗೊತ್ತಾಗಬಾರದು. ಈಗ ಎಲ್ಲ ಕಂಪ್ಯೂಟರಿಗೇ ಬರುತ್ತೆ. ಆದರೂ ಬಂದ ದಿನವೇ ಒಂದು ಪ್ರಿಂಟ್ ತೆಗೀತಾರೆ. ಮೊದಲನೇ ಹಾಳೆಯಲ್ಲಿ ಹೆಸರಿರುತ್ತೆ. ಅದನ್ನು ನಾನು ಹರಿದು ಬೇರೆ ಬೀರುವಿನಲ್ಲಿಡ್ತೀನಿ. ಆಮೇಲೆ ಸ್ಟೀಲ್ ಸ್ಕೇಲ್ ಇಟ್ಟುಕೊಂಡು ಸಾಲು ಸಾಲು ಕೆಳಗಿಳೀತೀನಿ, ಒಳಗೆಲ್ಲಾದರೂ ಹೆಸರು ಉಳಿದಿದೆಯಾ ಅಂತ. ಬರೆದದ್ದರ ಅರ್ಥ ನನಗಾಗಲ್ಲ. ಹೆಸರು ಮಾತ್ರ ತಪ್ಪಿಸಿಕೊಳ್ಳಲ್ಲ.

ಇಡೀ ಆಫೀಸಿನಲ್ಲಿ ಯಾರ ಲೇಖನ ಯಾರ ಕೈಗೆ ಹೋಯಿತು, ಯಾರು ಯಾರನ್ನು ಹೊಸಕಿ ಹಾಕಿದರು ಅಂತ ಬಲ್ಲವನು ನಾನೊಬ್ಬ. ಬಾಯಿ ಬಿಟ್ಟವನಲ್ಲ. ಹೆಂಡತಿ ಹತ್ತಿರ ಕೂಡ.

ಆ ದಿನ ಬೆಳಿಗ್ಗೆ ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು, ತಂಗಿ ಮಗಳು ಬಂದಳು. ರಸ್ತೆಯಾಚೆಯ ಕಾಲೇಜಿನಲ್ಲಿ ಟೆಂಪರರಿ ಲೆಕ್ಚರರ್. ಕೈಯಲ್ಲಿ ಒಂದು ಕಾಗದ. ಕಣ್ಣು ಕೆಂಪಗೆ.

"ಮಾವ, ನಿಮ್ಮ ಆಫೀಸಿನಿಂದ ಬಂದಿದೆ. ನನ್ನ ಲೇಖನ ಈಗಾಗಲೇ ಇನ್ನೊಬ್ಬರು ಕಳಿಸಿದ್ದಾರಂತೆ. ನೂರಕ್ಕೆ ತೊಂಬತ್ತೊಂದು ಭಾಗ ಒಂದೇ ಅಂತೆ. ಐದು ಗಂಟೆಯೊಳಗೆ ನನ್ನದೇ ಅಂತ ತೋರಿಸಬೇಕಂತೆ."

"ತೋರಿಸದೇ ಇದ್ರೆ?"

"ಎರಡು ವರ್ಷ ಏನೂ ಕಳಿಸಂಗಿಲ್ಲ. ಅದು ಹಾಳಾಗಿ ಹೋಗಲಿ... ಲೇಖನ ಪರಿಶೀಲನೆಗೆ ಹೋಗಿದೆ ಅಂತ ಪತ್ರ ತಂದು ಕೊಟ್ಟರೇನೇ ಕಾಲೇಜಿನವರು ಕಾಂಟ್ರಾಕ್ಟ್ ಮುಂದುವರಿಸೋದು. ಕೊನೇ ದಿನ ಇವತ್ತು. ಕಾಲೇಜ್ ಆಫೀಸ್ ಮುಚ್ಚೋದು ಐದಕ್ಕೆ."

ಚುನಾವಣೆಯಲ್ಲಿ ಸೋತವರು ಆಮೇಲೆ ಏನು ಮಾಡ್ತಾರೆ ಅನ್ನೋದು ಅವಳ ಲೇಖನ. ಮೂರು ವರ್ಷ ನೂರ ನಲವತ್ತು ಸೋತವರ ಮನೆ ಬಾಗಿಲು ತಟ್ಟಿದ್ದಳು. ಬರೆದ ಮೇಲೆ ಶುರುವಾಗಿದ್ದು ನಿಜವಾದ ಗೋಳು. ಎಂಟು ಸಾವಿರ ಪದ ಮೀರಂಗಿಲ್ಲ. ಇವಳದು ಎಂಟು ಸಾವಿರದ ಆರುನೂರು. ವಾಪಸ್. ಕತ್ತರಿಸಿ ಕಳಿಸಿದಳು. ಅಡಿಟಿಪ್ಪಣಿಯೂ ಲೆಕ್ಕಕ್ಕೆ ಬರುತ್ತೆ ಅಂದರು. ವಾಪಸ್. ಸಾರಾಂಶ ನೂರೈವತ್ತು ಪದ ಇರಬೇಕು, ನೂರೈವತ್ತೊಂದಿದೆ ಅಂದರು. ವಾಪಸ್. ಕೋಷ್ಟಕಗಳು ಕೊನೆಯಲ್ಲಿರಲಿ ಅಂದರು. ಇಟ್ಟಳು. ಯಾವುದು ಎಲ್ಲಿ ಬರಬೇಕು ಅಂತ ನಡುವೆ ಗುರುತು ಹಾಕಿಲ್ಲ ಅಂದರು. ಹಿಂಗೆ ವಾಪಸ್ ಹೋದದ್ದರ ಪ್ರಿಂಟನ್ನು ನಮ್ಮಲ್ಲಿ ಇಡಲ್ಲ, ಕೊನೆಗೆ ಒಪ್ಪಿಕೊಂಡ ದಿನವೇ ಲೆಕ್ಕ. ಒಂದು ದಿನ ನಮ್ಮ ಅಡುಗೆಮನೆಯಲ್ಲಿ ಕೂತು, "ಸೋತವರೇ ವಾಸಿ ಮಾವ, ಅವರಿಗೆ ಒಂದೇ ಸಲ ಹೇಳಿ ಕಳಿಸ್ತಾರೆ," ಅಂದಿದ್ದಳು.

"ಇನ್ನೊಬ್ಬರು ಯಾರು ಮಾವ?"

"ಹೇಳಕ್ಕಾಗಲ್ಲ."

"ನನಗೂ?"

"ನಿಮ್ಮತ್ತೆಗೇ ಏನೂ ಹೇಳಿದವನಲ್ಲ."

"ಅತ್ತೆ ಏನು ಲೇಖನ ಬರೆದಿದ್ರಾ?" ಅಂದಳು. ಅಳುತ್ತಲೇ.

ನನಗೆ ಗೊತ್ತಿತ್ತು. ಹನ್ನೆರಡು ದಿನದ ಹಿಂದೆ ಆ ಇನ್ನೊಂದು ಲೇಖನದ ಮೊದಲ ಹಾಳೆ ಹರಿದವನು ನಾನೇ. ಅದರಲ್ಲಿದ್ದದ್ದು ಅವಳಿಗೆ ಹಿಂದೆ ಗೈಡ್ ಆಗಿದ್ದ ಪ್ರೊಫೆಸರ್ ಹೆಸರು. ನಮ್ಮ ಪತ್ರಿಕೆಯ ಮಂಡಳಿ ಸದಸ್ಯರು ಬೇರೆ. ಅವಳ ಫೈಲು ನಾನು ಮುಟ್ಟಂಗಿರಲಿಲ್ಲ. ಸಂಬಂಧ ಇದೆ ಅಂತ ಮೊದಲೇ ಬರೆದುಕೊಟ್ಟಿದ್ದೆ, ಟೈಪಿಸ್ಟ್ ಅಮ್ಮನೇ ನೋಡಿದ್ದಳು. ಹಾಗಾಗಿ ಕಂಪ್ಯೂಟರ್ ಬಿಟ್ಟರೆ ಎರಡನ್ನೂ ಪಕ್ಕಪಕ್ಕ ಕಂಡವರಿಲ್ಲ.

"ನಿನ್ನದನ್ನ ತೋರಿಸು," ಅಂದೆ.

ಸ್ಕೇಲ್ ಇಟ್ಟೆ. ಸಾಲು ಸಾಲು ಇಳಿದೆ. ಹದಿನೇಳನೇ ಪುಟದಲ್ಲಿ ಕೈ ನಿಂತಿತು.

ಆವರಣದೊಳಗೆ, 'ಲೇಖಕರು, ಪುಟ 212.' ಜೊತೆಗೆ ಒಂದು ಇಸವಿ.

"ಇದ್ಯಾಕೆ ಹಿಂಗಿದೆ?"

"ಅದು ನನ್ನದೇ ಹಳೇ ಲೇಖನ ಮಾವ. ನಿಮ್ಮ ಪತ್ರಿಕೆಯಲ್ಲೇ ಬಂದದ್ದು. ಹೆಸರು ಹಾಕಿದ್ರೆ ಬರೆದೋಳು ನಾನೇ ಅಂತ ಗೊತ್ತಾಗುತ್ತಲ್ಲ, ಅದಕ್ಕೆ ಲೇಖಕರು ಅಂತ ಹಾಕಿದೆ. ನಿಮ್ಮದೇ ರೂಲು."

"ಯಾರಿಗಾದ್ರೂ ಓದಕ್ಕೆ ಕೊಟ್ಟಿದ್ಯಾ?"

"ನಮ್ಮ ಗೈಡ್ ಸಾರ್‌ಗೆ. ಕಳಿಸೋ ಮೊದಲು ಒಂದು ಮಾತು ಹೇಳಲಿ ಅಂತ. ಏನೂ ಹೇಳಲಿಲ್ಲ."

ಸ್ಕೇಲ್ ಎತ್ತಿ ಜೇಬಿಗೆ ಸಿಕ್ಕಿಸಿದೆ. ಅದೇ ಸಾಲು, ಅದೇ ಪುಟ... ಪ್ರೊಫೆಸರ್ ಕಳಿಸಿದ್ದರಲ್ಲೂ ಇತ್ತು. ಹೆಸರಲ್ಲವಲ್ಲ ಅಂತ ನಾನೇ ದಾಟಿಸಿದ್ದೆ. ಅವರು ಶೀರ್ಷಿಕೆ ಬದಲಾಯಿಸಿದ್ದರು. ಒಳಗಿನ 'ಲೇಖಕರು' ಯಾರು ಅಂತ ಕೇಳಿಕೊಂಡಿರಲಿಲ್ಲ.

ಟೈಪಿಸ್ಟ್ ಹತ್ತಿರ ಹೋದೆ. "ಆ ಮೊದಲನೇ ಲೇಖನ ತೆಗಿಯಮ್ಮ. ಹದಿನೇಳನೇ ಪುಟ."

ತೆಗೆದಳು. ಆ ಸಾಲೇ ಇರಲಿಲ್ಲ.

"ಹನ್ನೊಂದು ಗಂಟೆಗೆ ಹೊಸ ಫೈಲ್ ಹಾಕಿದ್ದಾರೆ," ಅಂದಳು. "ಹಳೇದು ಅಳಿಸಿದೆ."

"ಹಂಗೆಲ್ಲ ಮಾಡಬಹುದಾ?"

"ನಮ್ಮಂಥೋರಿಗೆ ಆಗಲ್ಲ. ಮಂಡಳಿಯೋರಿಗೆ ಆಗುತ್ತೆ."

ಪ್ರೊಫೆಸರಿಗೂ ಅದೇ ಪತ್ರ ಹೋಗಿತ್ತಲ್ಲ. ಕದ್ದ ಮಾಲನ್ನು ಆವತ್ತೇ ಮೊದಲ ಸಲ ಓದಿರಬೇಕು. ಹಳೇದರ ಗುರುತು ಉಳಿದಿದ್ದು ಒಂದೇ ಕಡೆ. ರೆಕಾರ್ಡ್ ರೂಮಿನ ಪ್ರಿಂಟು. ಅದು ಅವರಿಗೂ ಹೊಳೆದಿತ್ತು. ನಾನು ಕಟ್ಟು ಬಿಚ್ಚಿ ಹಾಳೆ ಅಂಗಿಯೊಳಗೆ ಹಾಕೋ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಮುಂದಿನದು ಆಗಲೇ ಹೇಳಿದೆ.

ಕೂಗಿದೆಯಾ ಅಂತ ಕೇಳ್ತೀಯಾ? ಕೂಗಿದೆ. ಆ ಕಟ್ಟಡ ಹಿಂದೆ ಪ್ರೆಸ್ಸಾಗಿತ್ತು. ಮೆಷಿನ್ ಸದ್ದನ್ನೇ ಹೊರಗೆ ಬಿಡದ ಗೋಡೆ, ನನ್ನ ಗಂಟಲು ಯಾವ ಲೆಕ್ಕ.

ಫೋನು? ಹೊರಗೆ ಮೇಜಿನ ಮೇಲೆ. ರೆಕಾರ್ಡ್ ರೂಮಿಗೆ ಯಾರೂ ಫೋನ್ ತರಂಗಿಲ್ಲ, ಫೋಟೋ ತೆಗೆದುಬಿಡ್ತಾರೆ. ಆ ರೂಲ್ ಮಾಡಿಸಿದವನು ನಾನೇ.

ಮೂಲೆಯ ರ‍್ಯಾಕಿನ ಹಿಂದೆ ಒಂದು ಹಲಗೆ ಇದೆ ಅಂತ ನೆನಪಿತ್ತು. ಪ್ರೆಸ್ ಕಾಲದಲ್ಲಿ ಕಾಗದದ ಕಟ್ಟನ್ನು ಕೆಳಗಿನ ಬೈಂಡಿಂಗ್ ರೂಮಿಗೆ ಜಾರಿಸೋ ಇಳಿಜಾರು. ಇಪ್ಪತ್ತೆರಡು ವರ್ಷದ ಹಿಂದೆ ಮೊಳೆ ಹೊಡೆದು ಮುಚ್ಚಿದ್ದರು. ಎಂಟು ಮೊಳೆ. ಹೊಡೆಯೋವಾಗ ನಾನೇ ಹಲಗೆ ಹಿಡಿದಿದ್ದೆ.

ರ‍್ಯಾಕ್ ಖಾಲಿ ಮಾಡಿದೆ. ಎಳೆದೆ. ಸ್ಟೀಲ್ ಸ್ಕೇಲಿನ ತುದಿ ಮೊಳೆಯ ಕೆಳಗೆ ತೂರಿಸಿದೆ.

ಒಂದು ಮೊಳೆ, ಆರು ನಿಮಿಷ. ಎರಡನೇದು, ಒಂಬತ್ತು. ಉಗುರು ಕಿತ್ತು ರಕ್ತ ಬಂತು. ಹಾಳೆಗೆ ತಾಗದ ಹಾಗೆ ಕೈ ದೂರ ಇಟ್ಟುಕೊಂಡೆ. ಐದನೇದು ಅರ್ಧಕ್ಕೆ ಮುರಿಯಿತು. ಕೂತು ಉಸಿರು ಬಿಟ್ಟೆ, ಮತ್ತೆ ಹಿಡಿದೆ.

ನಾಲ್ಕಕ್ಕೆ ಐದು ನಿಮಿಷ ಇದೆ ಅನ್ನುವಾಗ ಹಲಗೆ ಬಂತು. ಕತ್ತಲೆ, ಧೂಳು. ಅರವತ್ತಾರು ವರ್ಷದ ದೇಹವನ್ನು ಕಾಲು ಮುಂದೆ ಮಾಡಿ ಬಿಟ್ಟೆ.

ಕೆಳಗೆ ಬೈಂಡರ್ ಅಂಟು ಕಲಸುತ್ತಿದ್ದ. ತಿರುಗಿಯೂ ನೋಡಲಿಲ್ಲ.

"ಇಷ್ಟು ವರ್ಷ ಆದಮೇಲೆ ಯಾವ ಬಂಡಲಪ್ಪ ಇದು?"

"ನಾನು ಕಣೋ."

"ಅಯ್ಯೋ, ಇವನ್ನ ಹೊಲಿಯೋದಾ, ಅಂಟಿಸೋದಾ?"

"ಮೊದಲು ಫೋನ್ ಕೊಡು."

ನಮ್ಮ ಪತ್ರಿಕೆಯ ಸಂಪಾದಕಿಯಮ್ಮನ ನಂಬರ್ ತಲೆಯಲ್ಲಿತ್ತು. ಎತ್ತಲಿಲ್ಲ. ಕ್ಲಾಸಿನಲ್ಲಿ ಅವರು ಫೋನ್ ಎತ್ತೋರಲ್ಲ. ಅವರು ಪಾಠ ಮಾಡೋ ಕಾಲೇಜು ಅಲ್ಲಿಂದ ಎರಡು ಸ್ಟಾಪ್ ದೂರ. ಆಮೇಲೆ ತಂಗಿ ಮಗಳಿಗೆ ಮಾಡಿದೆ. "ಸಂಪಾದಕಿ ಅಮ್ಮನ ರೂಮಿಗೆ ಬಾ. ಆಟೋ ಒಂದು ನಿಲ್ಲಿಸಿಕೊಂಡಿರು."

ಗೇಟಿನಲ್ಲಿ ಪ್ರೊಫೆಸರ್ ಕಾರು. ಬಾನೆಟ್ಟಿಗೆ ಒರಗಿ ಡ್ರೈವರ್, ಕಾವಲಿಗೆ ಬಿಟ್ಟು ಹೋಗಿದ್ದರು. ಎಮ್ಮೆ ಕುತ್ತಿಗೆಯ ಆಳು.

"ಯಜಮಾನ್ರೇ, ನೀವು ಒಳಗಿದೀರಿ ಅಂದ್ರಲ್ಲ ಸಾರ್?"

"ಇದ್ದೆ."

"ಹಂಗಾದ್ರೆ ಒಳಗೇ ನಡೀರಿ." ಭುಜ ಹಿಡಿದ. ಹಿಡಿತ ಬಿಗಿಯಿತ್ತು.

"ನೋಡು ತಮ್ಮ, ನನಗೆ ಬಿ.ಪಿ. ಇದೆ. ಇಲ್ಲಿ ಬಿದ್ದರೆ ಎತ್ತಿಕೊಂಡು ಓಡಾಡಬೇಕಾದವನು ನೀನು. ನಿಮ್ಮ ಸಾರ್ ಅಲ್ಲ."

ಕೈ ಸಡಿಲಾಯಿತು. ಅಷ್ಟರಲ್ಲಿ ಬಸ್ಸು. ಹತ್ತಿದೆ. ಅವನು ಫೋನಲ್ಲಿ ಏನೋ ಬೈಸಿಕೊಂಡು ಕಾರಲ್ಲಿ ಬೆನ್ನು ಹತ್ತಿದ. ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಇಳಿದುಬಿಟ್ಟೆ. ಅವನ ಕಾರಿನ ಹಿಂದೆ ಹದಿನೈದು ಗಾಡಿ. ಕಾರು ಬಿಟ್ಟು ಇಳಿಯಂಗಿಲ್ಲ, ಮುಂದಕ್ಕೂ ಹೋಗಂಗಿಲ್ಲ. ಕಿಟಕಿಯಿಂದ ಕೈ ಚಾಚಿ ನನ್ನ ಅಂಗಿಯ ಚುಂಗು ಹಿಡಿದ. ಅಂಗಿ ಹರಿಯಿತು. ಹಾಳೆ ಉಳಿಯಿತು.

ಉಳಿದ ದಾರಿ ನಡೆದೆ. ಸಂಪಾದಕಿ ಅಮ್ಮನ ಕಾಲೇಜು, ಮೂರನೇ ಮಹಡಿ. ನಾಲ್ಕೂ ಮೂವತ್ತೈದು.

ಸಂಪಾದಕಿ ಅಮ್ಮನ ಎದುರು ಪ್ರೊಫೆಸರ್ ಟೀ ಕುಡಿಯುತ್ತಿದ್ದರು. ಗೋಡೆ ಪಕ್ಕ ತಂಗಿ ಮಗಳು, ನಿಂತೇ ಇದ್ದಳು.

"ಹುಡುಗಿ ನನ್ನ ಸ್ಟೂಡೆಂಟೇ ಮೇಡಂ," ಅನ್ನುತ್ತಿದ್ದರು. "ನನ್ನ ನೋಟ್ಸಿನಿಂದ ಎತ್ತಿದ್ದಾಳೆ. ಶಿಕ್ಷೆ ಬೇಡ, ವಾಪಸ್ ತಗೊಳ್ಳಲಿ."

ನನ್ನನ್ನು ಕಂಡು ಲೋಟ ಕೆಳಗಿಟ್ಟರು.

ಹಾಳೆ ತೆಗೆದು ಮೇಜಿನ ಮೇಲಿಟ್ಟೆ. ಬೆವರಿಗೆ ಅಂಚು ಒದ್ದೆಯಾಗಿತ್ತು.

ಅಮ್ಮ ಕನ್ನಡಕ ಏರಿಸಿದರು. "ರೆಕಾರ್ಡ್ ರೂಮಿನ ಕಾಗದ ಹೊರಗೆ ಬರಂಗಿಲ್ಲ. ನಿಮಗೆ ನಾನು ಹೇಳಬೇಕಾ?"

"ಬರಂಗಿಲ್ಲಮ್ಮ. ಹದಿನೇಳನೇ ಪುಟ ನೋಡಿ. ಹನ್ನೆರಡು ದಿನದ ಹಿಂದೆ ಬಂದ ಲೇಖನ ಇದು. ಇವತ್ತು ಬದಲಾಗಿದೆ."

ನೋಡಿದರು. "ಸಾರ್, ಇಲ್ಲಿ ಲೇಖಕರು ಅಂತ ಹಾಕಿದೀರಿ. ನಿಮ್ಮ ಹಳೇ ಲೇಖನವಾ?"

"ಹೌದು. ಸ್ಥಳೀಯ ಚುನಾವಣೆ ಬಗ್ಗೆ ಬರೆದದ್ದು."

"ಪುಟ ಇನ್ನೂರ ಹನ್ನೆರಡಾ?"

"ಇರಬೇಕು. ಎಷ್ಟೋ ಬರೆದಿದೀನಿ."

"ಆ ಇಸವಿಯ ಸಂಪುಟ ನಿಮ್ಮ ಹಿಂದೇ ಇದೆಯಮ್ಮ," ಅಂದೆ. "ಎರಡನೇ ಅರೆ. ನೀಲಿ ಬೆನ್ನು."

ತೆಗೆದರು. ತಿರುವಿದರು. ಇನ್ನೂರ ಹನ್ನೆರಡನೇ ಪುಟದಲ್ಲಿ ಬೆರಳಿಟ್ಟು, ಲೇಖನದ ಮೊದಲ ಪುಟಕ್ಕೆ ಬಂದು ಹೆಸರು ಓದಿದರು. ಗೋಡೆ ಪಕ್ಕ ನಿಂತವಳನ್ನು ನೋಡಿದರು.

ಪ್ರೊಫೆಸರ್ ಲೋಟವನ್ನು ದೂರ ಸರಿಸಿದರು.

"ನನ್ನದೂ ಆ ವರ್ಷ ಬಂದಿರಬೇಕು," ಅಂದರು ಪ್ರೊಫೆಸರ್. ದನಿ ಇಳಿದಿತ್ತು. "ಪುಟದ ಸಂಖ್ಯೆ ಅದಲು ಬದಲಾಗಿದೆ. ಟೈಪಿಂಗ್ ತಪ್ಪು."

ಅಮ್ಮ ಅನುಮಾನದಲ್ಲಿ ಬಿದ್ದರು. ಗಂಟೆ ನಾಲ್ಕೂ ನಲವತ್ತಾರು. ಅವರು ಪರಿವಿಡಿ ತೆಗೆದು, ನಾಲ್ಕೂ ಸಂಚಿಕೆ ಹುಡುಕಿ, ಮಂಡಳಿಗೆ ಬರೆದು... ಸೋಮವಾರ ಆಗುತ್ತಿತ್ತು.

ಆಗ ನಾನು ಮೂವತ್ತನಾಲ್ಕು ವರ್ಷದಲ್ಲಿ ಆಡದ ಮಾತು ಆಡಿದೆ.

"ಆ ವರ್ಷ ತಾವು ಮೂರು ಲೇಖನ ಕಳಿಸಿದ್ರಿ ಸಾರ್. ಒಂದು ಮಳೆಗಾಲದಲ್ಲಿ, ಎರಡು ಚಳಿಗಾಲದಲ್ಲಿ. ಮೂರೂ ವಾಪಸ್ ಹೋದವು. ಲಕೋಟೆಗೆ ಅಂಟು ಹಚ್ಚಿದವನು ನಾನು. ಮೂರನೇದಕ್ಕೆ ತೀರ್ಪು ಬರೆದವರು ಒಂದೇ ಸಾಲು ಬರೆದಿದ್ರು. ಹೇಳಲಾ?"

ಪ್ರೊಫೆಸರ್ ಮುಖ ಕಾಗದದ ಬಣ್ಣಕ್ಕೆ ಬಂತು.

"ಮೇಡಂ, ಇದು ಗೋಪ್ಯ ಮಾಹಿತಿ. ಈ ಅಟೆಂಡರ್..."

"ಹೌದು, ಗೋಪ್ಯ," ಅಂದರು ಅಮ್ಮ. ನನ್ನ ಕಡೆ ನೋಡಿದರು. ಕೋಪ ಇರಲಿಲ್ಲ ಅದರಲ್ಲಿ. ಅದೇ ಜಾಸ್ತಿ ಚುಚ್ಚಿತು. "ಸುಳ್ಳು ಅಂತ ಅನ್ನಲಿಲ್ಲ ನೀವು ಸಾರ್."

ಕೀಬೋರ್ಡ್ ಎಳೆದುಕೊಂಡರು. ಎರಡೇ ಸಾಲಿನ ಪತ್ರ. ಪ್ರಿಂಟರ್ ಮೊದಲು ಕೆಂಪು ದೀಪ ತೋರಿಸಿತು, ಕಾಗದ ಸಿಕ್ಕಿಹಾಕಿಕೊಂಡಿತು. ಎಳೆದೆ. ಮತ್ತೆ ಸಿಕ್ಕಿತು. ನಾಲ್ಕೂ ಐವತ್ತೆರಡಕ್ಕೆ ಬಂತು. ಸಹಿ. ಸೀಲು.

ತಂಗಿ ಮಗಳು ಕೆಳಗೆ ನಿಲ್ಲಿಸಿದ್ದ ಆಟೋಗೆ ಓಡಿದಳು. ಚಪ್ಪಲಿ ಕೈಯಲ್ಲಿ ಹಿಡಿದು.

ಐದಕ್ಕೆ ಒಂದು ನಿಮಿಷ ಇತ್ತಂತೆ. ಅವಳ ಕಾಲೇಜಿನ ಗುಮಾಸ್ತ ಕಿಟಕಿ ಎಳೆಯುತ್ತಿದ್ದನಂತೆ. ಇವಳು ಪತ್ರದ ಜೊತೆ ಮೊಣಕೈಯನ್ನೂ ಒಳಗೆ ತೂರಿಸಿದಳಂತೆ.

ಹನ್ನೊಂದು ತಿಂಗಳ ಕಾಂಟ್ರಾಕ್ಟ್ ಸಿಕ್ಕಿತು. ಲೇಖನ ಪರಿಶೀಲನೆಗೆ ಹೋಯಿತು. ತೀರ್ಪು ಬರೋಕೆ ಹದಿನಾಲ್ಕು ತಿಂಗಳಾದರೂ ಬೇಕು, ಪದ್ಧತಿ ಹಂಗೆ. ಅದಕ್ಕೆ ಮೂರು ತಿಂಗಳು ಮೊದಲೇ ಕಾಂಟ್ರಾಕ್ಟ್ ಮುಗಿದಿರುತ್ತೆ.

ಪ್ರೊಫೆಸರ್ ಅನಾರೋಗ್ಯದ ಕಾರಣ ಕೊಟ್ಟು ತಮ್ಮ ಲೇಖನ ವಾಪಸ್ ತಗೊಂಡರು. ಆರೋಗ್ಯ ಬೇಗ ಸುಧಾರಿಸಿತು. ಮಂಗಳವಾರ ಮಂಡಳಿ ಸಭೆಗೆ ಬಂದು, ಪತ್ರಿಕೆಯ ಗೋಪ್ಯತೆ ಕಾಪಾಡೋ ಬಗ್ಗೆ ನಲವತ್ತು ನಿಮಿಷ ಮಾತಾಡಿದರಂತೆ. ಕಾಗದ ಹೊರಗೆ ಒಯ್ದದ್ದು ಒಂದು, ಹಳೇ ತೀರ್ಪು ಬಾಯಿ ಬಿಟ್ಟದ್ದು ಇನ್ನೊಂದು. ಎರಡೂ ನಿಜವೇ. ಕೆಲಸದಿಂದ ನನ್ನ ತೆಗೆಯೋದು ಬೇಡ ಅಂದರು ಅಮ್ಮ. ಉಳಿದ ಆರು ಜನ ತೆಗೀಬೇಕು ಅಂತ ಕೈ ಎತ್ತಿದರು.

ಆ ಆರು ಜನ ಯಾರ್ಯಾರ ಲೇಖನಕ್ಕೆ ಏನೇನು ಬರೆದಿದ್ದಾರೆ ಅಂತಲೂ ನನಗೆ ನೆನಪಿದೆ. ಕೇಳಬೇಡ.

ಪ್ರೊಫೆಸರ್ ಈಗಲೂ ಮಂಡಳಿಯಲ್ಲೇ ಇದ್ದಾರೆ. ಹೋದವನು ನಾನು. ಬುಧವಾರ, ಊಟದ ಹೊತ್ತಿಗೆ ಮುಂಚೆ.