ಹನ್ನೆರಡು ಮೆಟ್ಟಿಲಿನ ಟಪಾಲು

"ನಿನ್ನ ದೊಡ್ಡಮ್ಮನಿಗೆ ಹೇಳು, ನೀರಿನ ಮೋಟರ್ ಆಫ್ ಮಾಡೋಕೆ ಒಂದು ಬೆರಳು ಸಾಕು ಅಂತ," ಎಂದಳು ಅಮ್ಮ.

ದೊಡ್ಡಮ್ಮ ಮೆಟ್ಟಿಲ ಮೇಲೇ ನಿಂತಿದ್ದಳು. ಅವಳಿಗೂ ಅಮ್ಮನ ಹೊಲಿಗೆ ಮೆಷಿನ್ನಿಗೂ ನಡುವೆ ಆರೇ ಆರು ಮೆಟ್ಟಿಲು. ಅವಳ ಕಿವಿಗೂ ಏನೂ ಆಗಿರಲಿಲ್ಲ. ಆದರೂ ಪಿನ್ನಿ ಪುಸ್ತಕ ಮಡಚಿಟ್ಟು, ಆರು ಮೆಟ್ಟಿಲು ಹತ್ತಿ, "ಒಂದು ಬೆರಳು ಸಾಕಂತೆ," ಎಂದು ಒಪ್ಪಿಸಿದಳು.

"ಆ ಬೆರಳು ಬೆಳಗ್ಗೆಯಿಂದ ಮೂವತ್ತು ಜನಕ್ಕೆ ಇಂಜೆಕ್ಷನ್ ಕೊಟ್ಟು ಬಂದಿದೆ ಅಂತ ನಿಮ್ಮಮ್ಮನಿಗೆ ಹೇಳು," ಎಂದಳು ದೊಡ್ಡಮ್ಮ. ಅವಳು ಆಸ್ಪತ್ರೆಯಲ್ಲಿ ನರ್ಸ್.

ಪಿನ್ನಿ ಇಳಿದು ಬಂದು ಅದನ್ನೂ ಹೇಳಿದಳು. ಅಮ್ಮ ಆಗಷ್ಟೇ ಹೊಸ ಸುದ್ದಿ ಕೇಳಿದವಳಂತೆ ಹುಬ್ಬೇರಿಸಿ, "ಓಹೋ, ಹೌದಾ?" ಎಂದಳು.

ಕೆಳಗಿನ ಮನೆಯಲ್ಲಿ ಪಿನ್ನಿ, ಅಪ್ಪ, ಅಮ್ಮ. ಮೇಲಿನ ಮನೆಯಲ್ಲಿ ದೊಡ್ಡಪ್ಪ, ದೊಡ್ಡಮ್ಮ. ನಡುವೆ ಒಟ್ಟು ಹನ್ನೆರಡು ಮೆಟ್ಟಿಲು. ಮೂರು ವಾರದಿಂದ ಓರಗಿತ್ತಿಯರಿಬ್ಬರ ಮಾತೆಲ್ಲ ಪಿನ್ನಿಯ ಕಾಲಿನ ಮೇಲೆಯೇ ಓಡಾಡುತ್ತಿತ್ತು.

ಮಹಾಯುದ್ಧಕ್ಕೆ ಕಾರಣ ಒಂದು ಕೆಂಪು ಟವೆಲ್. ಟೆರೇಸಿನ ಮೇಲಿನ ಹಗ್ಗದಲ್ಲಿ ದೊಡ್ಡಮ್ಮ ಅದನ್ನು ಹಸಿಹಸಿಯಾಗಿ ಒಣಹಾಕಿದ್ದಳು. ಕೆಳಗಿನ ಹಗ್ಗದಲ್ಲಿ ಅಮ್ಮ ಗಿರಾಕಿಯೊಬ್ಬರಿಗೆ ಹೊಲಿದಿದ್ದ ಬಿಳಿ ಫ್ರಾಕ್ ಇತ್ತು. ಸಂಜೆ ಹೋಗಿ ನೋಡಿದರೆ ಟವೆಲಿನ ಬಣ್ಣ ತೊಟ್ಟಿಕ್ಕಿ ಫ್ರಾಕಿಗೆ ದಡಾರ ಎದ್ದಿತ್ತು. "ನೋಡಿ ಹಾಕಬಾರದಾ?" ಎಂದು ಅಮ್ಮ ಅಕ್ಕಪಕ್ಕದವರೆಲ್ಲ ಹೊರಗೆ ಬಂದು ನೋಡುವಂತೆ ಕಿರುಚಿದಳು. "ಅದರ ಕೆಳಗೇ ಹಾಕು ಅಂತ ನಿಂಗ್ಯಾರು ಹೇಳಿದ್ದು?" ಎಂದಳು ದೊಡ್ಡಮ್ಮ. ಅವರಿಬ್ಬರು ನೇರವಾಗಿ ಆಡಿದ ಕೊನೆಯ ಮಾತು ಅದೇ. ಅಪ್ಪ, ದೊಡ್ಡಪ್ಪ ಇಬ್ಬರೂ ಬಹಳ ಧೈರ್ಯವಂತರು. ಟವೆಲ್ ಎಂಬ ಶಬ್ದ ಕೇಳಿದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಡುತ್ತಿದ್ದರು.

ಹಾಗಂತ ಇಬ್ಬರು ಹೆಂಗಸರೂ ಕೆಟ್ಟವರೇನಲ್ಲ. ದೇವರಿಗೆ ಅವರಷ್ಟು ಹತ್ತಿರದವರು ಆ ಬೀದಿಯಲ್ಲೇ ಇರಲಿಲ್ಲ. ಅಮ್ಮ ಹಬ್ಬಗಳಲ್ಲಿ ಚರ್ಚಿನ ಹಾಡುಗಾರರ ತಂಡವಾದ ಕಾಯರ್‌ನಲ್ಲಿ ಹಾಡುತ್ತಿದ್ದಳು. ದೊಡ್ಡಮ್ಮ ಮಹಿಳೆಯರ ಪ್ರಾರ್ಥನಾ ಕೂಟ ನಡೆಸುತ್ತಿದ್ದಳು. ಹೋದ ಬುಧವಾರ ಅಲ್ಲಿ 'ನೆರೆಯವರನ್ನು ಪ್ರೀತಿಸುವುದು ಹೇಗೆ' ಎಂದು ಅರ್ಧ ಗಂಟೆ ಮಾತಾಡಿದಳು. ನೆರೆಯವಳು ಎರಡನೆಯ ಸಾಲಿನಲ್ಲಿ ಕೂತು ಶ್ರದ್ಧೆಯಿಂದ ನೋಟ್ಸ್ ಬರೆದುಕೊಂಡಳು. ಆಮೇಲೆ ಇಬ್ಬರೂ ಒಂದೇ ಮನೆಗೆ ರಸ್ತೆಯ ಎರಡು ಬದಿಯಲ್ಲಿ ನಡೆದು ಬಂದರು.

ಇನ್ನು ಭಾನುವಾರ. ಆರಾಧನೆಯ ನಡುವೆ ಪಾಸ್ಟರ್, "ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳಿ," ಎನ್ನುತ್ತಿದ್ದರು; ಪಕ್ಕದವರ ಕೈ ಹಿಡಿದು ಶಾಂತಿ ಹಾರೈಸುವ ಪದ್ಧತಿ ಅದು. ಕೂಡಲೇ ಅಮ್ಮ, ದೊಡ್ಡಮ್ಮ ಹಲ್ಲು ಕಾಣುವಂತೆ ನಕ್ಕು ಕೈಕುಲುಕುತ್ತಿದ್ದರು. ಎಷ್ಟು ಹೊತ್ತು? ಪಿನ್ನಿ ಎಣಿಸಿದ್ದಳು. ಎರಡು ಸೆಕೆಂಡ್. ಕೈ ಬಿಟ್ಟ ಮೇಲೆ ಅಮ್ಮ ಕರ್ಚೀಫಿನಿಂದ ಕೈ ಒರೆಸಿಕೊಳ್ಳುತ್ತಿದ್ದಳು. ಸೆಕೆ ಅಂತೆ.

ನಿಜ ಹೇಳಬೇಕೆಂದರೆ ಈ ಜಗಳದಿಂದ ಪಿನ್ನಿಗೆ ನಷ್ಟವೇನೂ ಆಗಿರಲಿಲ್ಲ. ಮೇಲೆ ಹೋದಾಗಲೆಲ್ಲ ದೊಡ್ಡಮ್ಮ ಕ್ರೀಮ್ ಬಿಸ್ಕತ್ತಿನ ಡಬ್ಬ ತೆಗೆದು, "ಇನ್ನೇನಂದ್ಲು?" ಎಂದು ಕೇಳುತ್ತಿದ್ದಳು. ಒಂದು ಮಾತಿಗೆ ಒಂದು ಬಿಸ್ಕತ್ತು. ಅಮ್ಮನೋ ದಿನವಿಡೀ ಹೊಲಿಯುವವಳು, ಹೆಚ್ಚು ಮಾತಾಡುವಷ್ಟು ಪುರುಸೊತ್ತಿಲ್ಲ. ಹಾಗಾಗಿ ಪಿನ್ನಿಯೇ ಅಲ್ಲಿಷ್ಟು ಇಲ್ಲಿಷ್ಟು ಉಪ್ಪುಖಾರ ಹಚ್ಚತೊಡಗಿದಳು.

ಮಂಗಳವಾರ ಅಮ್ಮ ಹೇಳಿದ್ದು, "ಮೇಲೆ ಕುರ್ಚಿ ಎಳೆಯೋ ಸದ್ದು ಜಾಸ್ತಿ ಆಯ್ತು," ಎಂದು ಅಷ್ಟೇ.

"ಇನ್ನೇನಂದ್ಲು?" ಡಬ್ಬದ ಮುಚ್ಚಳ ಅರ್ಧ ತೆರೆದಿತ್ತು.

"ಮೇಲೆ ಯಾರೂ ಇಲ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅಂದ್ಲು," ಎಂದಳು ಪಿನ್ನಿ.

ದೊಡ್ಡಮ್ಮ ಮುಚ್ಚಳ ಪೂರ್ತಿ ತೆರೆದಳು. ಎರಡು ಬಿಸ್ಕತ್ತು ಕೊಟ್ಟಳು. ಒಳ್ಳೆಯ ವ್ಯಾಪಾರವಾಯಿತು ಎಂದುಕೊಂಡು ಪಿನ್ನಿ ಕೆಳಗಿಳಿದಳು.

ಶನಿವಾರ ಮೇಲೆ ಹೋದಾಗ ಮೇಜಿನ ಮೇಲೆ ಒಂದು ಫಾರಂ ಇತ್ತು. ದೊಡ್ಡಮ್ಮ ಅದನ್ನು ತುಂಬಿ ಮುಗಿಸಿದ್ದಳು.

"ಏನದು ದೊಡ್ಡಮ್ಮ?"

"ಆಸ್ಪತ್ರೆಯವರು ಕ್ವಾರ್ಟರ್ಸ್ ಕೊಡ್ತಾರಂತೆ. ನಾವು ಅಲ್ಲಿಗೇ ಹೋಗ್ತೀವಿ. ಸೋಮವಾರ ಕೊಟ್ಟುಬಿಡ್ತೀನಿ."

"ಯಾಕೆ?"

"ನಾವಿಲ್ದಿದ್ರೆ ಕೆಲವರಿಗೆ ಚೆನ್ನಾಗಿರುತ್ತಲ್ಲ," ಎಂದು ದೊಡ್ಡಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ಕಣ್ಣು ಕೆಂಪಾಗಿತ್ತು.

ಪಿನ್ನಿಗೆ ಸೈಕಲ್ ಕಲಿಸಿದ್ದು ದೊಡ್ಡಮ್ಮ. ಜ್ವರ ಬಂದರೆ ಹಣೆ ಮುಟ್ಟಿ, ಥರ್ಮಾಮೀಟರಿಗಿಂತ ಮೊದಲೇ ಎಷ್ಟು ಡಿಗ್ರಿ ಎಂದು ಹೇಳುತ್ತಿದ್ದುದೂ ದೊಡ್ಡಮ್ಮ. ಅವಳೇ ಹೋಗಿಬಿಟ್ಟರೆ? ಹೇಳಿಬಿಡಬೇಕು ಎಂದುಕೊಂಡಳು. ಆದರೆ ಹೇಳಿದರೆ ಬೆನ್ನಿಗೆ ಬೀಳುವುದು ನೆನಪಾಯಿತು. ನಾಳೆ ಹೇಳಿದರಾಯಿತು ಎಂದು ಓಡಿಬಂದಳು.

ಭಾನುವಾರ ಚರ್ಚಿನಲ್ಲಿ ಎಂದಿನಂತೆ ಅಮ್ಮ ಈ ಕಡೆ, ದೊಡ್ಡಮ್ಮ ಆ ಕಡೆ, ಕಾಂಪೌಂಡ್ ಗೋಡೆಯ ಹಾಗೆ ನಡುವೆ ಪಿನ್ನಿ. ಪಾಸ್ಟರ್ ಸಮಾಧಾನ ಹೇಳಿಕೊಳ್ಳಿ ಎಂದರು. ಎರಡು ಕೈಗಳು ಪಿನ್ನಿಯ ಮೂಗಿನ ಮುಂದೆಯೇ ಬಂದು ಸೇರಿದವು.

"ಸಮಾಧಾನ, ಅಕ್ಕ."

"ಸಮಾಧಾನ ಕಣಮ್ಮ."

ಒಂದು ಸೆಕೆಂಡ್ ಆಯಿತು. ಪಿನ್ನಿ ತನ್ನ ಎರಡೂ ಕೈಗಳಿಂದ ಆ ಕೈಗಳನ್ನು ಒಟ್ಟಿಗೆ ಹಿಡಿದುಕೊಂಡಳು.

"ದೊಡ್ಡಮ್ಮ, ಮೇಲೆ ಯಾರೂ ಇಲ್ದಿದ್ರೆ ಚೆನ್ನಾಗಿರ್ತಿತ್ತು ಅಂತ ಅಮ್ಮ ಹೇಳ್ಲೇ ಇಲ್ಲ. ನಾನೇ ಸೇರ್ಸಿದ್ದು. ಬಿಸ್ಕತ್ತಿಗೋಸ್ಕರ. ಅದೊಂದೇ ಅಲ್ಲ, ಇನ್ನೂ ತುಂಬ ಇದೆ."

ಅವಳು ಮೆಲ್ಲಗೇ ಹೇಳಬೇಕೆಂದಿದ್ದಳು. ಆದರೆ ಅದೇ ಹೊತ್ತಿಗೆ ಕೀಬೋರ್ಡ್ ಬಾರಿಸುವವನು ಪುಟ ತಿರುಗಿಸಲು ನಿಲ್ಲಿಸಿದ್ದ. ಮುಂದಿನ ನಾಲ್ಕು ಸಾಲುಗಳು ಹಿಂದೆ ತಿರುಗಿದವು. ಪಾಸ್ಟರರ ಬೋಧನೆಯನ್ನು ಆ ಜನ ಒಂದು ದಿನವೂ ಅಷ್ಟು ಗಮನವಿಟ್ಟು ಕೇಳಿದ್ದಿಲ್ಲ.

"ಯಾರೂ ಇಲ್ದಿದ್ರೆ ಅಂದ್ನಾ ನಾನು?" ಅಮ್ಮನ ದನಿ ಏರಿತು. "ಅಕ್ಕಾ, ನೀವು ಅದನ್ನ ನಂಬಿದ್ರಾ?"

"ನಂಬ್ದೆ ಏನ್ಮಾಡ್ಲಿ? ನೀನು ಬಂದು ಮಾತಾಡಿದ್ಯಾ?"

ಮುಂದಿನದು ಚರ್ಚಿನ ಹೊರಗೆ, ಸೈಕಲ್ ನಿಲ್ಲಿಸುವ ಜಾಗದಲ್ಲಿ ನಡೆಯಿತು. ಮೊದಲು ಇಬ್ಬರೂ ಸೇರಿ ಪಿನ್ನಿಗೆ ಬೈದರು. ಒಬ್ಬಳು ಉಸಿರು ತೆಗೆದುಕೊಳ್ಳಲು ನಿಂತರೆ ಇನ್ನೊಬ್ಬಳು ಮುಂದುವರಿಸುತ್ತಿದ್ದಳು. ಮೂರು ವಾರದಲ್ಲಿ ಅವರು ಒಟ್ಟಿಗೆ ಮಾಡಿದ ಮೊದಲ ಕೆಲಸ ಅದು. ಬಹಳ ಚೆನ್ನಾಗಿ ಮಾಡಿದರು. ಪಿನ್ನಿಗೆ ಅಳುವೇ ಬಂತು.

ಬೈದು ಸುಸ್ತಾದ ಮೇಲೆ ದೊಡ್ಡಮ್ಮ ಸೈಕಲ್ಲಿನ ಸೀಟು ಹಿಡಿದು ನಿಂತಳು. "ಆ ಟವೆಲ್ ಬಣ್ಣ ಬಿಡುತ್ತೆ ಅಂತ ನಂಗೆ ಗೊತ್ತಿತ್ತು ಕಣೆ. ಡ್ಯೂಟಿ ಮುಗಿಸಿ ಬಂದಿದ್ದೆ, ಸೋಮಾರಿತನ, ಅಲ್ಲೇ ಹಾಕ್ಬಿಟ್ಟೆ. ಆಮೇಲೆ ಒಪ್ಕೊಳ್ಳೋಕೆ ನಾಚಿಕೆ ಆಯ್ತು."

"ನಾನೂ ಅಷ್ಟು ಜನರ ಮುಂದೆ ಕಿರುಚಬಾರದಿತ್ತು ಬಿಡಿ," ಎಂದಳು ಅಮ್ಮ. "ಆ ಫ್ರಾಕ್ ಮಾತ್ರ ಎರಡು ದಿನದ ಕೆಲಸ ಅಕ್ಕಾ," ಎಂದೂ ಸೇರಿಸಿದಳು.

"ಗೊತ್ತು ಮಾರಾಯ್ತಿ."

ಇಬ್ಬರ ಮುಖದಲ್ಲೂ ನಗು ಇರಲಿಲ್ಲ. ದೊಡ್ಡಮ್ಮನ ಮೂಗು ಸೋರುತ್ತಿತ್ತು. ಅಮ್ಮ ತನ್ನ ಕರ್ಚೀಫನ್ನೇ ಅವಳಿಗೆ ಕೊಟ್ಟಳು. ಈ ಸಲ ಪಿನ್ನಿ ಸೆಕೆಂಡ್ ಎಣಿಸಲು ಮರೆತಿದ್ದಳು.

ಸೋಮವಾರ ಫಾರಂ ಹೋಯಿತೋ ಇಲ್ಲವೋ ಎಂದು ಕೇಳುವ ಧೈರ್ಯ ಪಿನ್ನಿಗಿರಲಿಲ್ಲ. ಸ್ಕೂಲಿನಿಂದ ಬಂದಾಗ ಹೊಲಿಗೆ ಮೆಷಿನ್ ಖಾಲಿ ಇತ್ತು. ಮೇಲಿನಿಂದ ಜೋರು ಜೋರಾಗಿ ಅಮ್ಮನ ದನಿ, ಅದಕ್ಕಿಂತ ಜೋರಾಗಿ ದೊಡ್ಡಮ್ಮನ ದನಿ ಕೇಳುತ್ತಿತ್ತು. ಮೋಟರ್ ವಿಷಯ. ಯಾರೂ ಬಿಟ್ಟುಕೊಡುವ ಹಾಗೆ ಕಾಣಲಿಲ್ಲ. ಯಾರೂ ಎದ್ದು ಬರಲೂ ಇಲ್ಲ.

ಪಿನ್ನಿ ಹನ್ನೆರಡು ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತಳು. ಕೂಗಾಟ ನಿಂತಿತು. ದೊಡ್ಡಮ್ಮ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. ಬಿಸ್ಕತ್ತಿನ ಡಬ್ಬದ ಹತ್ತಿರವೂ ಹೋಗಲಿಲ್ಲ.

"ಏನು? ಏನು ಹೇಳೋಕೆ ಬಂದೆ?"

ಪಿನ್ನಿ ಯೋಚಿಸಿದಳು. ಹೇಳಲು ಅವಳ ಹತ್ತಿರ ಒಂದು ಮಾತೂ ಇರಲಿಲ್ಲ. ಹಾಗೆ ಬರಿಗೈಯಲ್ಲಿ ಮೇಲೆ ಬಂದು ಎಷ್ಟು ದಿನವಾಗಿತ್ತು!

"ಏನಿಲ್ಲ ದೊಡ್ಡಮ್ಮ," ಎಂದಳು. "ಸುಮ್ನೆ ಬಂದೆ."

ದೊಡ್ಡಮ್ಮ ಕುರ್ಚಿಯಲ್ಲಿ ಒಂದಿಷ್ಟು ಪಕ್ಕಕ್ಕೆ ಸರಿದು ಜಾಗ ಮಾಡಿದಳು.